ಪೆನ್ಸಿಲ್ವೇನಿಯಾದ ಲೀಕಾಕ್ ಟೌನ್‌ಶಿಪ್‌ನಲ್ಲಿ ಬಾಡಿಗೆ ಮನೆ, ಸುತ್ತಲೂ ಆಮಿಷ್ ಹೊಲ: ಅಲ್ಲಿ ಸಂಸಾರ ಮಾಡೋದು ಹೇಗೆ?

ಮಂಜುನಾಥ, ರಾಣೆಬೆನ್ನೂರು

ಎಲ್ಲರಿಗೂ ನಮಸ್ಕಾರ. ಕೃಷಿ ಯಂತ್ರದ ಕಂಪನಿಯಲ್ಲಿ ಡಿಸೈನ್ ಎಂಜಿನಿಯರ್ ನಾನು. ಪುಣೆಯಿಂದ ಪೆನ್ಸಿಲ್ವೇನಿಯಾದ ನ್ಯೂ ಹಾಲೆಂಡ್‌ಗೆ ವರ್ಗ ಆಗಿದೆ. ಹೌದು, ನಮ್ಮ ಕಡೆ ಹೊಲದಲ್ಲಿ ಓಡಾಡೋ ನೀಲಿ ಟ್ರ್ಯಾಕ್ಟರ್ ಮೇಲೆ ಬರೆದಿರುತ್ತಲ್ಲ, ಅದೇ ನ್ಯೂ ಹಾಲೆಂಡ್. 1895ರಲ್ಲಿ ಈ ಪುಟ್ಟ ಊರಿನ ಒಂದು ರಿಪೇರಿ ಅಂಗಡಿಯಿಂದ ಶುರುವಾದ ಹೆಸರು ಅದು.

ಏಜೆಂಟ್ ಒಬ್ಬರು ಬಾಡಿಗೆ ಮನೆ ತೋರಿಸಿದ್ದಾರೆ, ವಿಡಿಯೋದಲ್ಲಿ. ಮನೆ ಚೆನ್ನಾಗಿದೆ, ಬಾಡಿಗೆಯೂ ಕೈಗೆಟುಕತ್ತೆ. ಆದರೆ ಎಲ್ಲಿದೆ ಅನ್ನೋದೇ ತಲೆಗೆ ಹತ್ತುತ್ತಿಲ್ಲ. ಅಂಚೆ ವಿಳಾಸ ಗಾರ್ಡನ್‌ವಿಲ್. ಕರಾರು ಪತ್ರದಲ್ಲಿ ಲೀಕಾಕ್ ಟೌನ್‌ಶಿಪ್. ಶಾಲೆ ಯಾವುದು ಅಂದರೆ ಪೆಕ್ವೇ ವ್ಯಾಲಿ ಅಂತಾರೆ. ಮ್ಯಾಪಿನಲ್ಲಿ ಹತ್ತಿರದ ಊರಿನ ಹೆಸರು ಇಂಟರ್‌ಕೋರ್ಸ್ (ದಯವಿಟ್ಟು ಜೋಕ್ ಬೇಡ, ಬೀಗರ ಮನೆಯಲ್ಲಿ ಈಗಾಗಲೇ ಸಾಕಷ್ಟು ಆಗಿದೆ). ವಿಡಿಯೋದಲ್ಲಿ ಮನೆ ಮುಂದೆ ಎರಡು ಟಾಂಗಾ ಹೋದವು. ಆಮಿಷ್ ಜನರದಂತೆ, ಕಾರು, ಕರೆಂಟ್ ಬಿಟ್ಟು ಹಳೇ ರೀತಿಯಲ್ಲೇ ಬದುಕೋ ಕ್ರೈಸ್ತ ಪಂಗಡ. ಹಿಂದೆ ಹೊಲ, ಮುಂದೆ ಹೊಲ. ಅಂಗಡಿ ಒಂದೂ ಕಾಣಲಿಲ್ಲ.

ನಾವು ಮೂರು ಜನ: ನಾನು, ಹೆಂಡತಿ, ಎರಡು ತಿಂಗಳ ಮಗಳು. ಅವ್ವನೂ ಆರು ತಿಂಗಳ ಮಟ್ಟಿಗೆ ಬರ್ತಾಳೆ. ಅವಳಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರಲ್ಲ, ಮನೆಯೊಳಗೆ ಸುಮ್ಮನೆ ಕೂತವಳೂ ಅಲ್ಲ.

ನೀರು, ಕಸ, ಪೊಲೀಸು ಇವಕ್ಕೆಲ್ಲ ಯಾರ ಹತ್ತಿರ ಹೋಗಬೇಕು? ಟೌನ್‌ಶಿಪ್ ಅಂದರೆ ನಮ್ಮ ಪಂಚಾಯ್ತಿ ಥರಾನಾ? ಆಮಿಷ್ ಜನ ಹೊರಗಿನವರ ಜೊತೆ ಬೆರೀತಾರಾ, ಇಲ್ಲಾ ಮುಖ ತಿರುಗಿಸಿಕೊಂಡು ಹೋಗ್ತಾರಾ? ಅಲ್ಲಿದ್ದವರು ಯಾರಾದರೂ ಇದ್ದರೆ ಹೇಳಿ. ವಾರದೊಳಗೆ ಸಹಿ ಮಾಡಬೇಕು.

ಶ್ರೀಧರ್, ಎಡಿಸನ್

ಮಂಜು, ಬೇಡ. ಒಂದೇ ಮಾತು. ಅಪ್ಪ-ಅಮ್ಮ ಬಂದಾಗ ನಾವೆಲ್ಲ ಅವರನ್ನು ಒಂದು ದಿನ ಕರ್ಕೊಂಡು ಹೋಗಿ ಕುದುರೆ ಗಾಡಿ ತೋರಿಸಿ, ಜಾಮ್ ಬಾಟಲಿ ಕೊಂಡು ವಾಪಸ್ ಬರೋ ಜಾಗ ಅದು. ಸಂಸಾರ ಮಾಡೋ ಜಾಗ ಅಲ್ಲ. ಭಾನುವಾರ ಹೋದರೆ ಅರ್ಧಕ್ಕರ್ಧ ಅಂಗಡಿ ಬಾಗಿಲು ಹಾಕಿರುತ್ತೆ.

ಟೌನ್‌ಶಿಪ್ ಅನ್ನೋ ಹೆಸರು ನೋಡಿ ಊರಿನ ಗಾತ್ರ ಅಳೆಯೋಕೆ ಹೋಗಬೇಡಿ. ನ್ಯೂಜೆರ್ಸಿಯ ನಮ್ಮ ಎಡಿಸನ್ ಕೂಡ ಕಾಗದದ ಮೇಲೆ ಟೌನ್‌ಶಿಪ್ಪೇ, ಇಲ್ಲಿ ಜನ ಒಂದು ಲಕ್ಷದ ಮೇಲೆ. ಪುತ್ತಿಗೆ ಮಠದ ಕೃಷ್ಣ ವೃಂದಾವನ ಇದೆ, ಓಕ್ ಟ್ರೀ ರೋಡಿನಲ್ಲಿ ಸಿಗದ ಪದಾರ್ಥ ಇಲ್ಲ. ನಿಮಗೆ ಇಲ್ಲಿಂದ ದಿನಾ ಹೋಗಿಬರೋದು ಆಗಲ್ಲ, ಒಪ್ಪಿದೆ. ಫಿಲಡೆಲ್ಫಿಯಾ ದಿಕ್ಕಿನ ಎಕ್ಸ್‌ಟನ್ ಕಡೆ ನೋಡಿ. ಮಾಲ್ವರ್ನ್‌ನ ದೊಡ್ಡ ಹಣಕಾಸು ಕಂಪನಿಯ ದೆಸೆಯಿಂದ ಆ ಭಾಗದಲ್ಲಿ ನಮ್ಮವರು ತುಂಬಾ ಇದ್ದಾರೆ. ಒಂದು ಗಂಟೆ ಡ್ರೈವ್ ಆದರೂ ಆಗಲಿ. ನಿಮ್ಮ ಅಮ್ಮನಿಗೆ ಸಂಜೆ ಮಾತಾಡೋಕೆ ನಾಲ್ಕು ಜನ ಬೇಡವಾ?

ಲಲಿತಾ, ಹಾಸನ

ಮಂಜುನಾಥ್ ಅವರೇ, ಶ್ರೀಧರ್ ಎಕ್ಸ್‌ಟನ್ ಬಗ್ಗೆ ಹೇಳಿದ್ದು ಸರಿ. ಲೀಕಾಕ್ ಬಗ್ಗೆ ಹೇಳಿದ್ದು ಕಾರಿನ ಕಿಟಕಿಯಿಂದ ಕಂಡದ್ದು. ನಾನು ಆ ಕಡೆಯೇ ಇರೋದು, ವರ್ಷಗಳಾದವು. ಹೆಬ್ಬಾಳದಲ್ಲಿ ಡೈರಿ ಓದಿ, ಹಾಸನದ ಕಡೆ ಹಾಲಿನ ಕೆಲಸ ಮಾಡಿ, ಈಗ ಇಲ್ಲಿ ಹಾಲು ಮತ್ತು ನೀರು ಪರೀಕ್ಷೆ ಮಾಡೋ ಲ್ಯಾಬಿನಲ್ಲಿದ್ದೇನೆ. ಕೊಟ್ಟಿಗೆ ಕೊಟ್ಟಿಗೆಗೆ ಹೋಗಿ ಸ್ಯಾಂಪಲ್ ತರೋದೂ ನನ್ನ ಕೆಲಸವೇ. ಉದ್ದ ಬರೀತೀನಿ, ಕೂತು ಓದಿ.

ಮೊದಲು ನಿಮ್ಮ ಹೆಸರುಗಳ ಗೋಜಲು. ಗಾರ್ಡನ್‌ವಿಲ್ ಅನ್ನೋದು ಅಂಚೆ ಕಚೇರಿಯ ಹೆಸರು, ಜೊತೆಗೆ ರೈಲು ಹಳಿ ಪಕ್ಕದ ಒಂದು ಸಣ್ಣ ಹಳ್ಳಿ. ಫಿಲಡೆಲ್ಫಿಯಾದಿಂದ ಹ್ಯಾರಿಸ್‌ಬರ್ಗ್‌ಗೆ ಹೋಗೋ ಆಮ್‌ಟ್ರಾಕ್ ಆ ಹಳಿಯ ಮೇಲೇ ಓಡತ್ತೆ, ಅಲ್ಲಿ ನಿಲ್ಲಲ್ಲ. ಹತ್ತಬೇಕಾದರೆ ನಮ್ಮ ಕೌಂಟಿಯ (ಜಿಲ್ಲೆಯ) ದೊಡ್ಡ ಊರು ಲ್ಯಾಂಕಾಸ್ಟರ್‌ಗೆ ಹೋಗಬೇಕು. ಇಂಟರ್‌ಕೋರ್ಸ್ ಇನ್ನೊಂದು ಹಳ್ಳಿ, 340 ಮತ್ತು 772ನೇ ರಸ್ತೆಗಳು ಕೂಡೋ ಜಾಗ. 1814ಕ್ಕೆ ಮುಂಚೆ ಅದರ ಹೆಸರು ಕ್ರಾಸ್ ಕೀಸ್. ಈ ಎರಡು ಹಳ್ಳಿಗೂ ಸ್ವಂತ ಆಡಳಿತ ಇಲ್ಲ. ಆಡಳಿತ ಇರೋದು ಲೀಕಾಕ್ ಟೌನ್‌ಶಿಪ್‌ಗೆ. ಸುಮಾರು 20 ಚದರ ಮೈಲಿ, ಅಂದರೆ ಹದಿಮೂರು ಸಾವಿರ ಎಕರೆ ಆಸುಪಾಸು, ಐದು ಸಾವಿರದ ಚಿಲ್ಲರೆ ಜನ. ಅಪ್ಪರ್ ಲೀಕಾಕ್ ಅಂತ ಪಕ್ಕದಲ್ಲೇ ಇನ್ನೊಂದಿದೆ, ಅದು ಬೇರೆ ಟೌನ್‌ಶಿಪ್, ಫಾರಂ ತುಂಬುವಾಗ ಜೋಪಾನ. ಕೆಲಸಕ್ಕೆ ಸೇರಿದ ದಿನ ಕಂಪನಿಯವರು ವಾಸಸ್ಥಳದ ಒಂದು ಫಾರಂ ಕೊಡ್ತಾರೆ, ಆರಂಕಿಯ ಕೋಡ್ ಕೇಳತ್ತೆ. ನಿಮ್ಮ ಸಂಬಳದ ಮೇಲಿನ ಸ್ಥಳೀಯ ತೆರಿಗೆ ಯಾರಿಗೆ ಹೋಗಬೇಕು ಅನ್ನೋದು ಆ ಕೋಡಿನ ಮೇಲೆ. ಅಲ್ಲಿ ಅಂಚೆಯ ಹೆಸರಲ್ಲ, ಟೌನ್‌ಶಿಪ್ ಹೆಸರು ಬರೀಬೇಕು. ಗಾರ್ಡನ್‌ವಿಲ್ ಅಂಚೆಯ ಮನೆಗಳೆಲ್ಲ ಲೀಕಾಕ್‌ನಲ್ಲೇ ಇರತ್ವೆ ಅಂತೇನಿಲ್ಲ.

ಪಂಚಾಯ್ತಿ ಥರಾನಾ ಅಂದರೆ, ಹೌದು, ಸುಮಾರಾಗಿ. ಜನ ಆರಿಸಿದ ಸೂಪರ್‌ವೈಸರ್‌ಗಳು ಇರ್ತಾರೆ, ಆರು ವರ್ಷದ ಅವಧಿ. ರಸ್ತೆ, ಹಿಮ ತೆಗೆಸೋದು, ಯಾವ ಜಮೀನಿನಲ್ಲಿ ಏನು ಕಟ್ಟಬಹುದು ಅನ್ನೋ ಲೆಕ್ಕಾಚಾರ, ಇಷ್ಟೇ ಅವರ ಜಗತ್ತು. ಶಾಲೆ ಬೇರೆ ವ್ಯವಸ್ಥೆ: ಲೀಕಾಕ್, ಪ್ಯಾರಡೈಸ್, ಸಾಲ್ಸ್‌ಬರಿ ಮೂರೂ ಟೌನ್‌ಶಿಪ್ ಸೇರಿ ಪೆಕ್ವೇ ವ್ಯಾಲಿ ಶಾಲಾ ಜಿಲ್ಲೆ. ಕಸಕ್ಕೆ ಯಾವ ಗಾಡಿಯವರು ಅಂತ ಮನೆ ಮಾಲೀಕರನ್ನೇ ಕೇಳಿ. ಸಣ್ಣ ಟೌನ್‌ಶಿಪ್‌ಗಳಿಗೆ ಸ್ವಂತ ಪೊಲೀಸರು ಇರೋದು ಕಮ್ಮಿ, ನೆರೆಯವರ ಪೊಲೀಸರು ಇಲ್ಲಾ ರಾಜ್ಯದ ಪೊಲೀಸರು ನೋಡ್ಕೋತಾರೆ. ಏನಾದರೂ 911 ಒತ್ತಿದರೆ ಯಾರು ಬರಬೇಕೋ ಅವರು ಬರ್ತಾರೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ತಲೆ ಕೆಡಿಸಿಕೊಳ್ಳಬೇಕಾದ್ದು ನೀರಿಗೆ. ಎರಡು ತಿಂಗಳ ಮಗು ಅಂದಿರಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು. ಹೊಲದ ನಡುವಿನ ಮನೆ ಅಂದರೆ ಹೆಚ್ಚುಕಮ್ಮಿ ಬೋರ್‌ವೆಲ್ಲೇ. ಈ ನೆಲದ ಕೆಳಗೆ ಸುಣ್ಣಕಲ್ಲು. ಅದೇ ಇಲ್ಲಿನ ಭಾಗ್ಯ: ನೀರಾವರಿಯಿಲ್ಲದೆ ಇಷ್ಟು ಬೆಳೆ ತೆಗೆಯೋ ಜಮೀನು ಅಮೆರಿಕದಲ್ಲಿ ಅಪರೂಪ. ಮಳೆಯೂ ವರ್ಷವಿಡೀ ಹದವಾಗಿ ಬೀಳತ್ತೆ. ಆದರೆ ಸುಣ್ಣಕಲ್ಲಿನಲ್ಲಿ ಬಿರುಕು ಜಾಸ್ತಿ, ಮೇಲೆ ಹಾಕಿದ್ದು ಬೇಗ ಕೆಳಗಿಳಿಯತ್ತೆ. ಎಕರೆಗೆಷ್ಟೋ ಹಸು, ಅಷ್ಟೂ ಸಗಣಿ-ಗಂಜಲ ಹೊಲಕ್ಕೇ ಹೋಗೋದು. ಹಾಗಾಗಿ ಬೋರ್ ನೀರಿನಲ್ಲಿ ನೈಟ್ರೇಟ್. ಕಾನೂನಿನ ಮಿತಿ ಲೀಟರಿಗೆ 10 ಮಿಲಿಗ್ರಾಂ, ನೈಟ್ರೇಟಿನೊಳಗಿನ ಸಾರಜನಕದ ಲೆಕ್ಕದಲ್ಲಿ. ಆದರೆ ಈ ಮಿತಿ ಸಾರ್ವಜನಿಕ ನೀರಿಗೆ ಮಾತ್ರ. ಖಾಸಗಿ ಬೋರ್‌ವೆಲ್ ನೀರನ್ನು ಪೆನ್ಸಿಲ್ವೇನಿಯಾ ರಾಜ್ಯ ಪರೀಕ್ಷೆ ಮಾಡಲ್ಲ, ನೋಡಿಕೊಳ್ಳೋದು ಮನೆಯವರ ಪಾಡು. ಆರು ತಿಂಗಳೊಳಗಿನ ಮಗುವಿಗೆ ಈ ನೀರಿನಲ್ಲಿ ಪುಡಿ ಹಾಲು ಕಲಸಿದರೆ ರಕ್ತಕ್ಕೆ ಆಮ್ಲಜನಕ ಹೊರೋ ಶಕ್ತಿ ಕುಗ್ಗಿ ಮೈ ನೀಲಿಗಟ್ಟೋ ಅಪಾಯ ಇದೆ. ಇನ್ನೊಂದು ಮಾತು, ಇದನ್ನು ನಿಮ್ಮ ಅವ್ವನಿಗೂ ಹೇಳಿ: ನಾವು ಏನಿದ್ದರೂ ಕುದಿಸಿಬಿಡ್ತೀವಲ್ಲ, ನೈಟ್ರೇಟ್ ಕುದಿಸಿದರೆ ಹೋಗಲ್ಲ. ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗತ್ತೆ. ರಿವರ್ಸ್ ಆಸ್ಮೋಸಿಸ್ ಫಿಲ್ಟರ್ ಬೇಕು, ಇಲ್ಲಾ ಮಗುವಿಗೆ ಬಾಟಲಿ ನೀರು.

ಇನ್ನು ಜನ. ಟೌನ್‌ಶಿಪ್‌ನಲ್ಲಿ ದೊಡ್ಡ ಪಾಲು ಆಮಿಷರು. ಇಡೀ ಲ್ಯಾಂಕಾಸ್ಟರ್ ಸುತ್ತಿನಲ್ಲಿ ಅವರು 40 ಸಾವಿರಕ್ಕೂ ಹೆಚ್ಚು, ಸುಮಾರು ಇಪ್ಪತ್ತು ವರ್ಷಕ್ಕೊಮ್ಮೆ ದುಪ್ಪಟ್ಟಾಗ್ತಾರೆ. ಮನೆಗೆ ಆರೇಳು ಮಕ್ಕಳು ಸಾಮಾನ್ಯ. ಅಂಚೆ ಪೆಟ್ಟಿಗೆಗಳ ಮೇಲೆ ಸ್ಟೋಲ್ಜ್‌ಫಸ್, ಕಿಂಗ್, ಫಿಶರ್, ಬೈಲರ್, ಲ್ಯಾಪ್ ಇವೇ ತಿರುಗಾ ಮುರುಗಾ. ಒಂದೇ ರಸ್ತೆಯಲ್ಲಿ ಒಂದೇ ಹೆಸರಿನ ಮೂವರು ಇದ್ದರೆ ನನ್ನ ಸ್ಯಾಂಪಲ್ ಬಾಟಲಿಯ ಮೇಲೆ ಅಡ್ಡಹೆಸರೂ ಬರೀಬೇಕು. ಮಕ್ಕಳು ಎಂಟನೇ ಕ್ಲಾಸಿನವರೆಗೆ ಅವರದೇ ಒಂದು ಕೋಣೆಯ ಶಾಲೆಗೆ ಹೋಗ್ತಾರೆ, ಅಲ್ಲಿಗೆ ಓದು ಮುಗೀತು. 1972ರಲ್ಲಿ ಸುಪ್ರೀಂ ಕೋರ್ಟೇ ಅದಕ್ಕೆ ಅಡ್ಡಿಯಿಲ್ಲ ಅಂದಿದೆ. ತೆರಿಗೆ ಕಟ್ಟಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸೋಷಿಯಲ್ ಸೆಕ್ಯುರಿಟಿಯಿಂದ (ಸರ್ಕಾರದ ಪಿಂಚಣಿ ವ್ಯವಸ್ಥೆ) 1965ರಲ್ಲಿ ವಿನಾಯಿತಿ ಸಿಕ್ಕಿದೆ, ಅದೂ ಸ್ವಂತ ಉದ್ಯೋಗದವರಿಗೆ. ಆದಾಯ ತೆರಿಗೆ, ಮನೆ ತೆರಿಗೆ ಎಲ್ಲ ಕಟ್ತಾರೆ. ತಮ್ಮ ಮಕ್ಕಳು ಕಾಲಿಡದ ಸರ್ಕಾರಿ ಶಾಲೆಗೂ ಕಟ್ತಾರೆ.

ಕರೆಂಟ್ ಇಲ್ಲ ಅಂದರೆ ಯಂತ್ರವೇ ಇಲ್ಲ ಅಂದುಕೊಳ್ಳಬೇಡಿ. ನೀವು ಎಂಜಿನಿಯರ್, ನಿಮಗೆ ಖುಷಿಯಾಗತ್ತೆ. ಹಾಲಿನ ಟ್ಯಾಂಕ್ ತಂಪಾಗಿಡೋದು ಡೀಸೆಲ್ ಎಂಜಿನ್, ಟ್ಯಾಂಕಿನೊಳಗೆ ಹಾಲು ತಿರುಗಿಸೋದು 12 ವೋಲ್ಟಿನ ಬ್ಯಾಟರಿ, ಅಂಗಡಿಯ ಡ್ರಿಲ್ಲು ಗರಗಸ ಗಾಳಿಯ ಒತ್ತಡದಲ್ಲಿ ಓಡತ್ವೆ. ಹೊಲದಲ್ಲಿ ಮಾತ್ರ ಟ್ರ್ಯಾಕ್ಟರ್ ಇಲ್ಲ. ನಿಮ್ಮ ಕಂಪನಿ ಮಾಡೋ ಥರದ ಬೇಲರನ್ನೇ ತಂದು, ಅದರ ಮೇಲೆ ಎಂಜಿನ್ ಕೂರಿಸಿ, ಮುಂದೆ ನಾಲ್ಕೋ ಆರೋ ಹೇಸರಗತ್ತೆ ಕಟ್ಟಿ ಕುದುರೆ ಮೆಂತೆ ಹೊರೆ ಕಟ್ತಾರೆ. ನಾನು ಮೊದಲ ಸಲ ನೋಡಿದಾಗ ಕಾರು ನಿಲ್ಲಿಸಿ ನೋಡ್ತಾ ನಿಂತುಬಿಟ್ಟೆ.

ಬೆರೀತಾರಾ ಅಂತ ಕೇಳಿದಿರಿ. ಒಳ್ಳೆ ನೆರೆಯವರು. ಹಿಮ ಬಿದ್ದರೆ ಹೇಳದೇ ಬಂದು ದಾರಿ ಬಿಡಿಸಿ ಹೋಗ್ತಾರೆ. ಆದರೆ ಅವರ ಸಮುದಾಯ ಅವರದು, ನಿಮಗೆ ಅದರೊಳಗೆ ಜಾಗ ಇಲ್ಲ, ಅದನ್ನು ಬಯಸಲೂಬೇಡಿ. ಇಪ್ಪತ್ತೈದು ಮೂವತ್ತು ಮನೆಗೆ ಒಂದು ಚರ್ಚ್ ಗುಂಪು. ಚರ್ಚ್ ಕಟ್ಟಡ ಇಲ್ಲ, ಎರಡು ವಾರಕ್ಕೊಮ್ಮೆ ಯಾರದಾದರೂ ಮನೆಯಲ್ಲಿ ಪ್ರಾರ್ಥನೆ. ಬೆಂಚುಗಳನ್ನು ತುಂಬಿದ ಒಂದು ಗಾಡಿ ಮನೆಯಿಂದ ಮನೆಗೆ ಸುತ್ತತ್ತೆ. ನನ್ನನ್ನು ಮದುವೆಗೆ ಕರೆದಿದ್ದಾರೆ, ಪ್ರಾರ್ಥನೆಗೆ ಯಾವತ್ತೂ ಕರೆದಿಲ್ಲ. ಮದುವೆ ಮಂಗಳವಾರ ಇಲ್ಲಾ ಗುರುವಾರ, ಸುಗ್ಗಿ ಮುಗಿದ ಮೇಲೆ, ನವೆಂಬರ್ ಹೊತ್ತಿಗೆ. ಮುನ್ನೂರು ಜನಕ್ಕೆ ಅಡುಗೆ. ಕೋಳಿ ಮತ್ತು ಬ್ರೆಡ್ಡಿನ ಒಂದು ಭಕ್ಷ್ಯ, ಜೊತೆಗೆ ಹಾಲುಕೆನೆಯಲ್ಲಿ ಬೇಯಿಸಿದ ಸೆಲರಿ ಅನ್ನೋ ದಂಟಿನ ತರಕಾರಿ. ಸಸ್ಯಾಹಾರಿಗಳ ಪಾಲಿಗೆ ಆ ಸೆಲರಿ ಮತ್ತು ಆಲೂಗಡ್ಡೆ ಅಷ್ಟೇ, ಉಪ್ಪಿನಕಾಯಿ ಡಬ್ಬಿ ಜೊತೆಗಿಟ್ಟುಕೊಂಡು ಹೋಗಿ. ಬೇಸಿಗೆಯಲ್ಲಿ ಯಾರ ಹಿತ್ತಲಲ್ಲಾದರೂ ಸಾಲು ಸಾಲು ಸೆಲರಿ ಕಂಡರೆ ಆ ಮನೆಯ ಮಗಳ ಮದುವೆ ಗೊತ್ತಾಗಿದೆ ಅಂತಲೇ ಲೆಕ್ಕ, ಅವರು ಬಾಯಿ ಬಿಟ್ಟು ಹೇಳದಿದ್ದರೂ.

ಇವರೂ ನಾವೂ ನಿಜವಾಗಿ ಒಟ್ಟಿಗೆ ಸೇರೋ ಜಾಗ ಒಂದೇ: ಫೈರ್ ಕಂಪನಿ. ಇಲ್ಲಿ ಬೆಂಕಿ ಆರಿಸೋರು ಸಂಬಳದವರಲ್ಲ, ಊರವರೇ. ಗಾರ್ಡನ್‌ವಿಲ್‌ಗೆ ಒಂದು, ಇಂಟರ್‌ಕೋರ್ಸ್‌ಗೆ ಒಂದು. ಆಮಿಷ್ ಹುಡುಗರು ಸೊಂಟಕ್ಕೆ ಪೇಜರ್ ಸಿಕ್ಕಿಸಿಕೊಂಡಿರ್ತಾರೆ. ಅದು ಕೂಗಿದರೆ ಹಾಲು ಕರೆಯೋದನ್ನು ಹೆಂಡತಿಗೆ ಬಿಟ್ಟು ಓಡ್ತಾರೆ. ಬೆಂಕಿ ಗಾಡಿ ಓಡಿಸಲ್ಲ, ಹತ್ತಿ ಕೂರ್ತಾರೆ. ಓಡಿಸೋದು ನಮ್ಮಂಥ ಬೇರೆಯವರು.

ಆ ಕಂಪನಿಗಳಿಗೆ ದುಡ್ಡು ಬರೋದು ಹರಾಜಿನಿಂದ. ಮಡ್ ಸೇಲ್ ಅಂತಾರೆ, ಯಾಕಂದರೆ ಹಿಮ ಕರಗಿ ನೆಲವೆಲ್ಲ ಕೆಸರಾಗಿರೋ ಕಾಲದಲ್ಲೇ ಅದು. ಗಾರ್ಡನ್‌ವಿಲ್‌ನದು ಮಾರ್ಚ್ ತಿಂಗಳಲ್ಲಿ, ಫೈರ್ ಸ್ಟೇಷನ್ ಸುತ್ತ. ನಮ್ಮ ಕಡೆಯ ದನದ ಜಾತ್ರೆ ನೋಡಿದವರಿಗೆ ಅಲ್ಲಿ ಹೊಸದೇನೂ ಅನಿಸಲ್ಲ. ಡ್ರೈವಿಂಗ್ ಲೈಸೆನ್ಸ್ ತೋರಿಸಿದರೆ ಒಂದು ನಂಬರ್ ಚೀಟಿ ಕೊಡ್ತಾರೆ, ಅದನ್ನು ಎತ್ತಿದರೆ ಕೂಗು ಹಾಕಿದ ಹಾಗೆ. ಹಾಗಾಗಿ ಕೆನ್ನೆ ಕೆರೆದುಕೊಳ್ಳುವಾಗ ಹುಷಾರು. ಒಂದೇ ಹೊತ್ತಿಗೆ ನಾಲ್ಕೈದು ಕಡೆ ಹರಾಜು: ಈ ಕಡೆ ಕುದುರೆ, ಹೇಸರಗತ್ತೆ, ಆ ಕಡೆ ಹಳೇ ನೇಗಿಲು, ಟಾಂಗಾ, ಹುಲ್ಲು, ಒಳಗೆ ಕೌದಿಗಳು. ಕೌದಿ ಹರಾಜಿನಲ್ಲಿ ಇಬ್ಬರು ಹುಡುಗಿಯರು ಎತ್ತರದಲ್ಲಿ ನಿಂತು ಕೌದಿಯ ಎರಡು ತುದಿ ಹಿಡಿದು ಬಿಡಿಸ್ತಾರೆ, ಹರಾಜು ಕೂಗೋನು ಉಸಿರು ಬಿಡದೆ ಹಾಡಿದ ಹಾಗೆ ಕೂಗ್ತಾನೆ. ಕೈಹೊಲಿಗೆಯ ಒಂದೊಂದು ಕೌದಿ ಸಾವಿರ ಡಾಲರ್ ದಾಟೋದುಂಟು. ಅದನ್ನು ಕೊಳ್ಳೋಳು ನ್ಯೂಯಾರ್ಕಿಂದ ಬಂದೋಳು, ಪಕ್ಕದಲ್ಲಿ ಕೆಸರು ಬೂಟಿನ ಆಮಿಷ್ ಮುದುಕ ಎರಡು ಡಾಲರಿಗೆ ಒಂದು ಪೆಟ್ಟಿಗೆ ತುಕ್ಕು ಮೊಳೆ ಕೊಂಡು ಅದಕ್ಕಿಂತ ಸಂತೋಷವಾಗಿರ್ತಾನೆ. ಡೋನಟ್ ಎಣ್ಣೆಯಿಂದ ಈಗ ತಾನೇ ತೆಗೆದಿದ್ದು, ಬೆರಳು ಸುಡತ್ತೆ. ನೀವು ಹೋದ ಮೊದಲ ವರ್ಷವೇ ಅಲ್ಲಿಗೆ ಹೋಗಿ. ಪಾರ್ಕಿಂಗ್ ತೋರಿಸೋಕೆ, ಮೇಜು ಒರೆಸೋಕೆ ಯಾವಾಗಲೂ ಜನ ಬೇಕು. ಹೆಸರು ಕೊಡಿ. ಆಮೇಲೆ ರಸ್ತೆಯಲ್ಲಿ ಜನ ಕೈಬೀಸ್ತಾರೆ, ನೋಡಿ.

ರವಿ, ಕೊಲಂಬಸ್

ಲಲಿತಾ ಮೇಡಂ, ಮಡ್ ಸೇಲ್ ವರ್ಣನೆ ಓದಿ ಬಾಯಲ್ಲಿ ನೀರು ಬಂತು. ಓಹಿಯೋದಿಂದ ಒಂದೆರಡು ಮಾತು ಸೇರಿಸ್ತೀನಿ.

ಪೆನ್ಸಿಲ್ವೇನಿಯಾದ ಟೌನ್‌ಶಿಪ್‌ಗಳು ಹಳೆಯವು, ಹಳ್ಳ-ತೊರೆ ನೋಡಿಕೊಂಡು ಗಡಿ ಎಳೆದದ್ದು, ಅದಕ್ಕೇ ಅಂಕುಡೊಂಕು. ನಮ್ಮ ಕಡೆಯಿಂದ ಪಶ್ಚಿಮಕ್ಕೆ ಹೋದರೆ ಕಥೆ ಬೇರೆ. 1785ರ ಭೂಮಿ ಕಾನೂನಿನ ಪ್ರಕಾರ ಮೊದಲು ಅಳತೆ, ಆಮೇಲೆ ಮಾರಾಟ. ಆರು ಮೈಲಿಗೆ ಆರು ಮೈಲಿ ಒಂದು ಟೌನ್‌ಶಿಪ್, ಅದರೊಳಗೆ 36 ಚೌಕ, ಒಂದೊಂದು 640 ಎಕರೆ, 16ನೇ ಚೌಕ ಶಾಲೆಗೆ ಮೀಸಲು. ಆ ಅಳತೆ ಶುರುವಾಗಿದ್ದೇ ಓಹಿಯೋದ ಪೂರ್ವ ಅಂಚಿನಿಂದ. ವಿಮಾನದಿಂದ ನೋಡಿದರೆ ನೆಲದ ಮೇಲೆ ಚದುರಂಗದ ಮಣೆ ಹಾಸಿದ ಹಾಗೆ ಕಾಣೋದು ಅದಕ್ಕೇ.

ಒಂದು ತಕರಾರೂ ಇದೆ. "ಆಮಿಷರು" ಅಂತ ಒಟ್ಟಾರೆ ಹೇಳೋದು ಅಪಾಯ. ನಮ್ಮ ಹೋಮ್ಸ್ ಕೌಂಟಿ ಸುತ್ತಲೂ ಲ್ಯಾಂಕಾಸ್ಟರ್‌ನಷ್ಟೇ ದೊಡ್ಡ ಗುಂಪಿದೆ. ಇಲ್ಲಿ ಗಾಡಿ ಕಪ್ಪು, ನಿಮ್ಮಲ್ಲಿ ಬೂದು. ಇಲ್ಲಿ ಎಷ್ಟೋ ಜನ ಬ್ಯಾಟರಿ ಸೈಕಲ್ ಮೇಲೆ ಜುಯ್ ಅಂತ ಹೋಗ್ತಾರೆ, ನಿಮ್ಮಲ್ಲಿ ಕಾಲಿನಿಂದ ತಳ್ಳೋ ಸ್ಕೂಟರ್. ಯಾವುದು ಸರಿ ಯಾವುದು ತಪ್ಪು ಅಂತ ಆಯಾ ಚರ್ಚ್ ಗುಂಪೇ ತೀರ್ಮಾನ ಮಾಡೋದು, ಮೇಲೆ ಮಠಾಧೀಶರು ಯಾರೂ ಇಲ್ಲ. ಇನ್ನೊಂದು: ಎಲ್ಲರೂ ರೈತರು ಅನ್ನೋ ಚಿತ್ರ ಬೇಡ. ಅರ್ಧಕ್ಕಿಂತ ಹೆಚ್ಚು ಜನ ಈಗ ಮರಗೆಲಸ, ಶೆಡ್ ಕಟ್ಟೋದು, ಅಂಗಡಿ. ನೆಲದ ಬೆಲೆ ಹಾಗಿದೆ.

ಮಂಜುನಾಥ, ರಾಣೆಬೆನ್ನೂರು

ಎಲ್ಲರಿಗೂ ತುಂಬಾ ಧನ್ಯವಾದ. ಲಲಿತಕ್ಕಾ, ನೀರಿನ ಮಾತು ಯಾರೂ ಹೇಳಿರಲಿಲ್ಲ. ಏಜೆಂಟ್‌ಗೆ ಈಗಲೇ ಮೇಲ್ ಹಾಕಿದೆ. ಹೇಸರಗತ್ತೆ ಎಳೆಯೋ ಬೇಲರ್ ನೋಡೋಕೆ ಕಾಯ್ತಿದ್ದೀನಿ.

ಇನ್ನು ಎರಡೇ ಪ್ರಶ್ನೆ. ಅವ್ವನ ವಿಷಯ ಬಿಟ್ಟುಹೋಯ್ತು. ಅವಳು ಎಮ್ಮೆ ಕಟ್ಟಿದವಳು, ಗೋವಿನ ಜೋಳದ ಹೊಲದಲ್ಲಿ ಕಳೆ ತೆಗೆದವಳು, ಅಪಾರ್ಟ್‌ಮೆಂಟಿಗಿಂತ ಇದೇ ಹಿತ ಅನಿಸಬಹುದು ಅಂತ ನನ್ನಾಸೆ. ಆದರೆ ಶ್ರೀಧರ್ ಸರ್ ಹೇಳಿದ ಹಾಗೆ ಮಾತಿಗೆ ಜನ? ಎರಡನೇದು: ಇಷ್ಟು ಬೆಲೆಬಾಳೋ ಜಮೀನು ಅಂತೀರಿ, ಫಿಲಡೆಲ್ಫಿಯಾ ಅರವತ್ತು ಮೈಲಿ. ಇನ್ನೂ ಯಾಕೆ ಲೇಔಟ್ ಆಗಿಲ್ಲ? ನಮ್ಮಲ್ಲಾದರೆ ಬೈಪಾಸ್ ಬರೋ ಸುದ್ದಿಗೇ ಕಲ್ಲು ನೆಟ್ಟಿರ್ತಿದ್ದರು.

ಲಲಿತಾ, ಹಾಸನ

ರವಿ ಅವರೇ, ಒಪ್ಪಿದೆ. ನಾನು ಹೇಳಿದ್ದು ನನ್ನ ಬಾಟಲಿ ಹೋಗೋ ಕೊಟ್ಟಿಗೆಗಳ ಮಟ್ಟಿಗೆ. ರೈತರಲ್ಲದ ಆಮಿಷರು ನನ್ನ ಕಣ್ಣಿಗೆ ಬೀಳೋದೇ ಕಮ್ಮಿ. ಅವರಲ್ಲಿ ಎಷ್ಟೋ ಜನ ವಾರದಲ್ಲಿ ಕೆಲವು ದಿನ ವ್ಯಾನ್ ಮಾಡಿಕೊಂಡು ಫಿಲಡೆಲ್ಫಿಯಾದ ರೀಡಿಂಗ್ ಟರ್ಮಿನಲ್ ಮಾರುಕಟ್ಟೆಯಂಥ ಕಡೆ ಮಳಿಗೆ ಹಾಕ್ತಾರೆ.

ಮಂಜುನಾಥ್, ಲೇಔಟ್ ಪ್ರಶ್ನೆಗೆ ಮೊದಲು. ಆಸೆ ಇಲ್ಲ ಅಂತಲ್ಲ, ರೂಟ್ 30ರ ಪಕ್ಕ ಹೋಗಿ ನೋಡಿ, ಮಾಲ್ ಮೇಲೆ ಮಾಲ್. ಒಳಗಡೆ ಉಳಿದಿರೋದಕ್ಕೆ ಎರಡು ಕಾರಣ. ಒಂದು, ಟೌನ್‌ಶಿಪ್‌ಗಳು ಬೇಸಾಯದ ವಲಯ ಅಂತ ಗೆರೆ ಎಳೆದು, ಇಷ್ಟು ಎಕರೆಗೆ ಒಂದೇ ಸೈಟು ಅಂತ ಕಟ್ಟು ಮಾಡಿವೆ. ಎರಡು, ರೈತ ತನ್ನ ಜಮೀನಿನ ಮೇಲೆ ಮನೆ ಕಟ್ಟಿಸೋ ಹಕ್ಕನ್ನು ಮಾತ್ರ ಮಾರಬಹುದು. ಕೌಂಟಿಯೋ, ಟ್ರಸ್ಟೋ ಆ ಹಕ್ಕಿಗೆ ದುಡ್ಡು ಕೊಡತ್ತೆ, ಜಮೀನು ಅವನದೇ, ಮಾರಿದರೂ ಮುಂದಿನವನು ಬೇಸಾಯವೇ ಮಾಡಬೇಕು. ಹೀಗೆ ಲ್ಯಾಂಕಾಸ್ಟರ್ ಕೌಂಟಿಯಲ್ಲಿ 1 ಲಕ್ಷ ಎಕರೆಗೂ ಹೆಚ್ಚು ಉಳಿದುಕೊಂಡಿದೆ. ಸರ್ಕಾರದ ದುಡ್ಡು ಬೇಡ ಅನ್ನೋ ಆಮಿಷರೂ ಟ್ರಸ್ಟಿನ ಜೊತೆ ಕರಾರು ಮಾಡ್ಕೋತಾರೆ. ಆದರೆ ಇದರ ಬಿಸಿ ಅವರ ಮಕ್ಕಳಿಗೇ ತಟ್ಟತ್ತೆ. ಹೊಲ ಐವತ್ತು ಅರವತ್ತು ಎಕರೆ, ಗಂಡುಮಕ್ಕಳು ನಾಲ್ಕು. ಒಬ್ಬನಿಗೆ ಹೊಲ, ಇನ್ನೊಬ್ಬನಿಗೆ ಮರಗೆಲಸ, ಉಳಿದವರು ನ್ಯೂಯಾರ್ಕ್ ರಾಜ್ಯಕ್ಕೋ ಕೆಂಟಕಿಗೋ ಗಂಟುಮೂಟೆ.

ನಿಮ್ಮ ಅವ್ವ. ನಮ್ಮ ಅತ್ತೆ ಬಂದಿದ್ದಾಗಿನ ಒಂದು ಸಂಗತಿ ಹೇಳ್ತೀನಿ. ಹಾಲಿಗೆ ಅಂತ ಪಕ್ಕದ ಫಾರ್ಮಿಗೆ ನನ್ನ ಜೊತೆ ಬಂದರು (ಲೈಸೆನ್ಸ್ ಇದ್ದರೆ ಇಲ್ಲಿ ಹಸಿ ಹಾಲು ಮಾರಬಹುದು, ಮೊಸರು ನಮ್ಮೂರಿನದರ ಹಾಗೇ ಗಟ್ಟಿ ಹೆಪ್ಪು ಬೀಳತ್ತೆ, ನಿಮ್ಮ ಮಗು ಇರೋದರಿಂದ ಕಾಯಿಸಿಯೇ ಬಳಸಿ). ಕೊಟ್ಟಿಗೆಯಲ್ಲಿ ಒಂದು ಹಸುವಿನ ಹತ್ತಿರ ನಿಂತು ಕೆಚ್ಚಲು ಮುಟ್ಟಿ ನೋಡಿ, "ಇದಕ್ಕೆ ಕೆಚ್ಚಲುಬಾವು ಶುರುವಾಗಿದೆ, ಹಿಂದಿನ ಎಡಮೊಲೆ" ಅಂದರು. ನಾನು ಸಂಕೋಚದಿಂದ ಹೇಳಿದೆ. ಮನೆಯಾಕೆ ನಗಲಿಲ್ಲ. ಅಂಗೈಗೆ ನಾಲ್ಕು ಹನಿ ಹಿಂಡಿ ನೋಡಿ, ತಲೆಯಾಡಿಸಿ, ಆ ಹಸುವಿನ ಹಾಲನ್ನು ಬೇರೆ ಕರೆದಳು. ಆಮೇಲೆ ಅತ್ತೆ ಹೋದಾಗಲೆಲ್ಲ ಆಕೆ ಕೊಟ್ಟಿಗೆ ಒಂದು ಸುತ್ತು ಹಾಕಿಸೋಳು. ಇವರು ಹಾಸನದ ಕನ್ನಡ, ಆಕೆ ಪೆನ್ಸಿಲ್ವೇನಿಯಾ ಡಚ್ (ಆಮಿಷರ ಮನೆಮಾತು, ಜರ್ಮನ್ನಿನ ಒಂದು ಆಡುಭಾಷೆ). ಹಾಗಂತ ಅದೇ ಸಾಕು ಅಂತ ನಾನು ಹೇಳಲ್ಲ. ನಾಲ್ಕನೇ ತಿಂಗಳಿಗೆ ಅತ್ತೆಗೆ ಹರಟೆ ಬೇಕೇ ಬೇಕು ಅನಿಸಿತ್ತು, ಜನವರಿಯ ಕತ್ತಲಲ್ಲಿ ಇನ್ನೂ ಜಾಸ್ತಿ. ಫಿಲಡೆಲ್ಫಿಯಾ ಕಡೆಯ ತ್ರಿವೇಣಿ ಕನ್ನಡ ಕೂಟದ ಕಾರ್ಯಕ್ರಮಗಳಿಗೆ ಹೋಗಿಬನ್ನಿ. ದೇವಸ್ಥಾನಕ್ಕೆ ಹ್ಯಾರಿಸ್‌ಬರ್ಗ್ ಹತ್ತಿರ ನ್ಯೂ ಕಂಬರ್‌ಲ್ಯಾಂಡ್‌ನಲ್ಲಿ ಹರಿ ಟೆಂಪಲ್ ಇದೆ, ಒಂದು ಗಂಟೆ ದಾರಿ. ಅವ್ವನನ್ನು ಏಪ್ರಿಲ್‌ನಿಂದ ಸೆಪ್ಟೆಂಬರ್ ಕರೆಸಿ, ಚಳಿಗಾಲಕ್ಕೆ ಬೇಡ.

ರಸ್ತೆ ಬದಿ ನಡೆಯೋವಾಗ ಹೊಳೆಯೋ ಜಾಕೆಟ್ ಹಾಕಿಸಿ, ಇಲ್ಲಿ ಫುಟ್‌ಪಾತ್ ಇರಲ್ಲ. ನೀವು ಕಾರು ಓಡಿಸೋವಾಗ ದಿಣ್ಣೆ ಏರೋ ಕಡೆ ಗಾಡಿಯನ್ನು ಹಿಂದೆ ಹಾಕಬೇಡಿ, ಹಾರ್ನ್ ಮಾಡಲೇಬೇಡಿ, ಕುದುರೆ ಬೆಚ್ಚತ್ತೆ. ಮುಸ್ಸಂಜೆ ಹೊತ್ತಿಗೆ ಗಾಡಿ ಹಿಂದಿನ ಕಿತ್ತಳೆ ತ್ರಿಕೋನದ ಮೇಲೆ ಕಣ್ಣಿರಲಿ. ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ, ಅವರಿಗೆ ಆಗಲ್ಲ.

ಏಜೆಂಟ್ ಕಳಿಸೋ ನೀರಿನ ವರದಿಯಲ್ಲಿ ತಾರೀಖು ಮೊದಲು ನೋಡಿ, ಎರಡು ವರ್ಷದ ಹಿಂದಿನದಾದರೆ ವಾಪಸ್ ಕಳಿಸಿ. ನೈಟ್ರೇಟ್ ಜೊತೆ ಕೋಲಿಫಾರ್ಮ್ (ನೀರು ಕೆಟ್ಟಿರೋ ಸುಳಿವು ಕೊಡೋ ಬ್ಯಾಕ್ಟೀರಿಯಾ) ಪರೀಕ್ಷೆಯೂ ಇರಬೇಕು. ಬಂದ ಮೇಲೆ ಇಲ್ಲೇ ಹಾಕಿ, ಅಂಕಿ ನೋಡಿ ಹೇಳ್ತೀನಿ.